ಖೊ ಕೊಟ್ಟವಳಿಗೆ ಅಂಕವಿಲ್ಲ

ನಾನು ಖೊ ಖೊ ಆಡಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಆಡಿಸಿದ್ದು ನೆಟ್‌ಬಾಲ್ ಮತ್ತು ಥ್ರೋಬಾಲ್. ಬಿಳಿ ಕ್ಯಾನ್ವಾಸ್ ಶೂ, ನೆರಿಗೆಯ ಸ್ಕರ್ಟು; ಬಿದ್ದವಳು ಎದ್ದು "ಸಾರಿ" ಅನ್ನಬೇಕು, ಬೀಳಿಸಿದವಳೂ "ಸಾರಿ" ಅನ್ನಬೇಕು. ಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬೆನ್ನ ಮೇಲೆ ಕೈ ಬೀಳುವುದನ್ನೇ ಕಾಯುವ ಆಟವನ್ನು ನಮ್ಮ ಸಿಸ್ಟರ್‌ಗಳು ಆಟವೆಂದು ಎಣಿಸಿರಲಿಲ್ಲ. ಆದರೂ ಮಿರಜದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹದಿನಾರು ವರ್ಷ ನಾನು ಕಲಿಸಿದ್ದು ಅದನ್ನೇ. ಇಂಗ್ಲಿಷ್ ಕಲಿಸಲು ಸೇರಿದವಳು. ಆಟದ ಬಾಯಿ ಮದುವೆಯಾಗಿ ಹೋದಾಗ ಸೀಟಿ ನನ್ನ ಕೊರಳಿಗೆ ಬಿತ್ತು. ನಮ್ಮ ಕಡೆ ಟೀಚರಿಗೆ ಬಾಯಿ ಅನ್ನುತ್ತಾರೆ, ಹೆಡ್‌ಮಿಸ್ಟ್ರೆಸ್ಸಿಗೆ ಮೋಠ್ಯಾ ಬಾಯಿ. ಮೋಠ್ಯಾ ಬಾಯಿ ನನಗೆ ಸೀಟಿ ಕೊಡುವಾಗ, "ನಿಮಗ ಡಿಸಿಪ್ಲಿನ್ ಬರ್ತದಲ್ಲ, ಅಷ್ಟ ಸಾಕ್ರಿ" ಅಂದಿದ್ದರು.

ಅಷ್ಟು ನನಗೆ ಬರುತ್ತಿತ್ತು. ಸಾಂಗಲಿ ಪೇಟೆಯಲ್ಲಿ ಅಪ್ಪನದು ಅರಿಶಿನದ ಅಡತಿ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಕಾನ್ವೆಂಟಿನಿಂದ ರಜೆಗೆ ಬಂದಾಗ ನನ್ನ ಬಾಯಲ್ಲಿ ಇಂಗ್ಲಿಷ್. ಕೈಬೆರಳ ಹಳದಿ ಹೋಗಲೆಂದು ನಾನು ಸಾಬೂನಿನಲ್ಲಿ ಎರಡೆರಡು ಸಲ ಕೈ ತೊಳೆದುಕೊಂಡು ಬೋರ್ಡಿಂಗಿಗೆ ವಾಪಸು ಹೋಗುತ್ತಿದ್ದೆ. ಅಲ್ಲಿ ಕಲಿತ ಒಂದು ಮಾತನ್ನು ಬಹಳ ವರ್ಷ ನಂಬಿದ್ದೆ: ಎಲ್ಲರನ್ನೂ ಒಂದೇ ಸ್ಕೇಲಿನಲ್ಲಿ ಅಳೆದರೆ ಅದು ಫೇರ್. ಯಾವ ಸ್ಕೇಲು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಖೊ ಖೊ ಮರೆತವರಿಗೆ ಎರಡು ಮಾತು. ಎರಡು ಕಂಬಗಳ ನಡುವೆ ಎಂಟು ಹುಡುಗಿಯರು ಸಾಲಾಗಿ ಚೌಕಗಳಲ್ಲಿ ಕೂತಿರುತ್ತಾರೆ, ಒಬ್ಬಳು ಆ ಕಡೆ ಮುಖ, ಒಬ್ಬಳು ಈ ಕಡೆ. ಒಂಬತ್ತನೆಯವಳು ಎದುರು ಪಕ್ಷದ ಓಟಗಾರ್ತಿಯರ ಬೆನ್ನು ಹತ್ತುತ್ತಾಳೆ. ಅವಳು ಅರ್ಧದಲ್ಲಿ ತಿರುಗುವಂತಿಲ್ಲ, ಕೂತವರ ಸಾಲು ದಾಟುವಂತಿಲ್ಲ. ಓಡುವವಳು ಸಾಲಿನ ಆ ಬದಿಗೆ ನುಗ್ಗಿದರೆ, ಇವಳು ಕೂತವಳೊಬ್ಬಳ ಬೆನ್ನು ತಟ್ಟಿ "ಖೊ" ಎಂದು ಎಬ್ಬಿಸಿ, ಅವಳ ಜಾಗದಲ್ಲಿ ತಾನು ಕೂರಬೇಕು. ಎದ್ದವಳು ಹೋಗಿ ಮುಟ್ಟುತ್ತಾಳೆ. ಮುಟ್ಟಿದವಳ ಹೆಸರಿಗೆ ಔಟ್. ಎಬ್ಬಿಸಿದವಳ ಹೆಸರಿಗೆ ಏನೂ ಇಲ್ಲ. ನಾನು ಹೇಳಬೇಕಾದ ಕತೆ ಇಷ್ಟರಲ್ಲೇ ಇದೆ.

ಸಾಂಗಲಿ, ಮಿರಜ, ಕುಪವಾಡ ಮೂರನ್ನೂ ಸೇರಿಸಿ ಒಂದು ಮಹಾಪಾಲಿಕೆ ಮಾಡಿದ ಕಾಲ ಅದು. ಮೂರು ಊರಿನ ಹೆಸರು ಒಂದೇ ಸಾಲಿನಲ್ಲಿ ಹಿಡಿಸದೆ ಪೇಂಟರುಗಳು ಅಕ್ಷರ ಸಣ್ಣ ಮಾಡಿದರು. ಊರುಗಳೇ ಒಂದಾದ ಮೇಲೆ ನಮ್ಮದೇನು ಎಂದು ನಮ್ಮ ಸಂಸ್ಥೆಯೂ ತನ್ನ ಮಿರಜದ ಶಾಲೆಯನ್ನೂ ಕುಪವಾಡದ ಶಾಲೆಯನ್ನೂ ಕೂಡಿಸಿತು. ಅದಕ್ಕೆ ಅವರು ಅನ್ನುತ್ತಿದ್ದ ಮಾತು ರೀಆರ್ಗನೈಸೇಶನ್. ನಮಗೆ ಸಿಕ್ಕದ್ದು ಒಂದೇ ಗಂಟೆ, ಒಂದೇ ಲೈಬ್ರರಿ, ಮತ್ತು ಆಟಕ್ಕೆ ಒಬ್ಬರೇ ಮುಖ್ಯ ಶಿಕ್ಷಕರು ಎಂಬ ಸರ್ಕ್ಯುಲರ್. ಆ ಒಬ್ಬರು ನಾನೋ ಕುಪವಾಡದ ಸರ್‌ ಅವರೋ ಎಂಬುದು ವರ್ಷದ ಕೊನೆಗೆ ತೀರ್ಮಾನ ಆಗಬೇಕಿತ್ತು.

ಅದಕ್ಕಿಂತ ಮುಂಚೆ ತೀರ್ಮಾನ ಆಗಬೇಕಾದದ್ದು ಹಾಸಿಗೆಗಳು. ಮಿರಜದಲ್ಲಿ ನಮ್ಮದೊಂದು ಬೋರ್ಡಿಂಗ್ ಇತ್ತು, ಸಿತಾರ್ ಮಾಡುವವರ ಓಣಿಯ ಹಿಂದೆ. ವಿಲೀನದ ಮೇಲೆ ಅದರ ಅರ್ಧ ಕೋಣೆಗಳು ಜಂಟಿ ಆಫೀಸಿಗೆ ಹೋದವು. ಉಳಿದದ್ದು ಹನ್ನೆರಡು ಹಾಸಿಗೆ. ಆ ಹನ್ನೆರಡೂ ಕೂಡಿದ ಶಾಲೆಯ ಖೊ ಖೊ ಟೀಮಿಗೆ ಎಂದು ಸಂಸ್ಥೆ ಹೇಳಿತು. ಎರಡು ಶಾಲೆಯ ಎರಡು ಟೀಮು, ಇಪ್ಪತ್ತನಾಲ್ಕು ಹುಡುಗಿಯರು. ಹೆಚ್ಚಿನವರಿಗೆ ಹಾಸಿಗೆ ಬೇಕಿರಲಿಲ್ಲ, ಸಂಜೆ ಸೈಕಲ್ ಹತ್ತಿ ಮನೆಗೆ ಹೋಗುವವರು. ಟೀಮಿನಲ್ಲಿ ಹೆಸರು ಬಂದರೆ ಸಾಕು ಅವರಿಗೆ.

ಒಬ್ಬಳಿಗೆ ಮಾತ್ರ ಹಾಸಿಗೆ ಬೇಕಿತ್ತು. ಆರಗದ ಕುರಿ ಕಾಯುವವರ ಹುಡುಗಿ, ಅದೇ ಬೋರ್ಡಿಂಗಿನಲ್ಲಿದ್ದು ಒಂಬತ್ತನೆಯ ಇಯತ್ತೆ ಮುಗಿಸುತ್ತಿದ್ದಳು. ಆರಗ ದೂರವಲ್ಲ, ಬಸ್ಸಿದೆ. ಆದರೆ ಬಸ್ಸಿಳಿದು ಹೋಗಲು ಮನೆ ತೆರೆದಿರಬೇಕಲ್ಲ. ವರ್ಷದಲ್ಲಿ ಏಳೆಂಟು ತಿಂಗಳು ಅವರು ಕುರಿಗಳ ಹಿಂದೆ. ಬಾಗಿಲಿಗೆ ಕೀಲಿ ಹಾಕಿ, ಮುದುಕಿಯಿಂದ ಹಿಡಿದು ಕೂಸಿನವರೆಗೆ ಎಲ್ಲರೂ ನಡೆಯುತ್ತಾರೆ. ಈ ವಾರ ಒಬ್ಬರ ಹೊಲದಲ್ಲಿ ಹಟ್ಟಿ, ಮುಂದಿನ ವಾರ ಇನ್ನೊಬ್ಬರ ಹೊಲದಲ್ಲಿ. ಬೋರ್ಡಿಂಗಿನಲ್ಲಿ ಹಾಸಿಗೆ ಇದ್ದರೆ ಅವಳಿಗೆ ಹತ್ತನೆಯ ಇಯತ್ತೆ ಉಂಟು. ಇಲ್ಲದಿದ್ದರೆ ಹಟ್ಟಿ. ಇದು ನನಗೆ ಗೊತ್ತಿತ್ತು, ಮೋಠ್ಯಾ ಬಾಯಿಗೆ ಗೊತ್ತಿತ್ತು, ಅಡಿಗೆಯವಳಿಗೂ ಗೊತ್ತಿತ್ತು.

ಹನ್ನೆರಡು ಜನರನ್ನು ಆರಿಸುವುದು ಹೇಗೆ? ಕುಪವಾಡದ ಸರ್ ಕಣ್ಣಳತೆಯ ಮನುಷ್ಯ. ಕಾಲುಚೀಲವಿಲ್ಲದೆ ಕೆಡ್ಸ್ ಶೂ ಹಾಕಿ, ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಅರ್ಧ ಗಂಟೆ ನೋಡಿ, ಬೆರಳು ತೋರಿಸುತ್ತಿದ್ದರು: ನೀ, ನೀ, ನೀ. ನನಗೆ ಅದು ಕುದುರೆ ಸಂತೆಯ ಹಾಗೆ ಕಂಡಿತು. ನಾನು ಫುಲ್‌ಸ್ಕೇಪ್ ಹಾಳೆಗೆ ಗೆರೆ ಹೊಡೆದೆ. ಒಬ್ಬೊಬ್ಬಳಿಗೆ ಒಂದು ಸಾಲು. ಎಷ್ಟು ಔಟ್ ಮಾಡಿದಳು, ಓಡುವಾಗ ಎಷ್ಟು ಹೊತ್ತು ಉಳಿದಳು, ಎಷ್ಟು ಫೌಲ್, ಹಾಜರಿ. ಕೊನೆಯಲ್ಲಿ ಐದು ಅಂಕದ ಒಂದು ಕಾಲಮ್: ಟೀಮ್ ಸ್ಪಿರಿಟ್. ಅದನ್ನು ನಾನೇ ತುಂಬುವುದು. "ಟೀಮ್ ಆಡ್ತದ, ಖರೆ ಮಾರ್ಕ್ಸ್ ಒಬ್ಬೊಬ್ಬರಿಗೆ ಬೇಕಲ್ಲ" ಎಂದು ವಿವರಿಸಿದೆ. ಮೋಠ್ಯಾ ಬಾಯಿಗೆ ಹಾಳೆ ಬಹಳ ಹಿಡಿಸಿತು. ಅದನ್ನು ಗಾಜಿನ ಕೆಳಗೆ ಇಟ್ಟುಕೊಂಡು, ಬಂದವರಿಗೆಲ್ಲ ತೋರಿಸಿದರು.

ಎರಡು ವಾರ ಟ್ರಯಲ್ ನಡೆಯಿತು. ಆರಗದ ಹುಡುಗಿಯ ಸಾಲಿನಲ್ಲಿ ಔಟ್ ಎಂಬ ಕಾಲಮ್ಮಿನ ಕೆಳಗೆ ಸೊನ್ನೆ, ಮರುದಿನ ಸೊನ್ನೆ, ಅದರ ಮರುದಿನವೂ ಸೊನ್ನೆ. ಅವಳು ಮುಟ್ಟುತ್ತಲೇ ಇರಲಿಲ್ಲ. ಒಂದು ಮೊಳ ದೂರದಲ್ಲಿ ಓಡುವವಳ ಬೆನ್ನು ಇದ್ದರೂ ಕೈ ಚಾಚದೆ, ಪಕ್ಕದಲ್ಲಿ ಕೂತವಳಿಗೆ ಖೊ ಕೊಟ್ಟು ತಾನು ಕೂತುಬಿಡುತ್ತಿದ್ದಳು. ಮೂರನೆಯ ದಿನ ಎಲ್ಲರ ಮುಂದೆ ನಾನು ಅಂದೆ:

"ನೀನು ಪೋಸ್ಟ್‌ಮನ್ ಆಗಬೇಕಾಗಿತ್ತು ನೋಡು. ಬರೇ ಡೆಲಿವರಿ."

ಹುಡುಗಿಯರು ನಕ್ಕರು. ಟೀಚರು ಕೊಟ್ಟ ಅಡ್ಡಹೆಸರು ಹುಡುಗಿಯರಲ್ಲಿ ಎಷ್ಟು ಬೇಗ ಹಬ್ಬುತ್ತದೆ ಎಂಬುದು ಕಾನ್ವೆಂಟಿನಲ್ಲಿ ಬೆಳೆದವಳಿಗೆ ಗೊತ್ತಿಲ್ಲದ್ದೇನಲ್ಲ. ಸಂಜೆಯೊಳಗೆ ಅದು ಊಟದ ಕೋಣೆಗೂ ತಲುಪಿತು.

"ಪೋಸ್ಟಮನ್, ನಮ್ಮ ಮಾವಶಿ ಪತ್ರ ಬಂದೈತೇನ?"

"ಬಂದಿಲ್ಲವಾ. ನಿನ್ನ ಮಾವಶಿಗೆ ಬರಿಯಾಕ ಬರೂದಿಲ್ಲ," ಎಂದಳು ಅವಳು, ರೊಟ್ಟಿ ಮುರಿಯುತ್ತ. ಆಗ ಮತ್ತೆ ನಗು. ಅವಳೂ ನಕ್ಕಳು. ಅವಳು ನಗುವುದನ್ನು ನೋಡಿ, ಹೆಸರು ಅವಳಿಗೆ ನೋಯಿಸಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಆ ವಾರದ ಕೊನೆಗೆ ಅವಳನ್ನು ಒಬ್ಬಳನ್ನೇ ಕರೆದು ಕೇಳಿದೆ. ಕನ್ನಡದಲ್ಲೇ ಕೇಳಿದೆ; ಹುಡುಗಿಯರಲ್ಲಿ ನಾನು ಅವಳೊಂದಿಗೆ ಮಾತ್ರ ಕನ್ನಡ ಆಡುತ್ತಿದ್ದೆ, ಅದು ಅವಳಿಗೆ ಬಹಳ ದೊಡ್ಡ ವಿಷಯ ಅನ್ನಿಸುತ್ತಿತ್ತು.

"ಅಕಿ ಕೈಯಾಗ ಬಂದಿದ್ಲು. ಯಾಕ ಮುಟ್ಟಲಿಲ್ಲ?"

"ಅಕೀನ್ನ ಮುಟ್ಟಿದ್ರ ಅಕಿ ಒಬ್ಬಾಕಿನ ಹೋಗ್ತಿದ್ಲರಿ ಬಾಯಿ. ಕಂಬದ ಕಡಿ ಹೊಳ್ಳಿಸಿದ್ರ ಇಬ್ಬರೂ ಒಂದ ಮೂಲ್ಯಾಗ ಸಿಗತಾರ."

"ಅದನ್ನ ಯಾರ ಹೇಳ್ಯಾರ ನಿನಗ?"

ಅವಳಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಯಾರ ಹೇಳಬೇಕ್ರಿ? ಕುರಿ ಹಿಂದ ಓಡಿದ್ರ ಕುರಿ ಸಿಗೂದಿಲ್ರಿ, ಓಡಿ ಓಡಿ ನಾವ ಸಾಯತೇವಿ. ಅದು ಎತ್ತಾಗ ಹೋಗಬೇಕಂತೈತಿ ಆ ದಾರಿ ಮುಚ್ಚಬೇಕ್ರಿ. ಆಮ್ಯಾಲೆ ಅದರ ಕಾಲಿಲೆ ಅದ ಬರತೈತಿ."

ಮರುದಿನ ನಾನು ಹಾಳೆಯನ್ನು ಮಡಚಿಟ್ಟು ಬರಿಗಣ್ಣಿನಿಂದ ಆಟ ನೋಡಿದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಅವಳು ಎದ್ದಾಗಲೆಲ್ಲ ಓಡುವವರ ದಾರಿ ಒಂದೊಂದೇ ಮುಚ್ಚುತ್ತಿತ್ತು. ಒಬ್ಬಳು ಎಡಕ್ಕೆ ಹೊರಳಬೇಕು ಅನ್ನುವಷ್ಟರಲ್ಲಿ ಎಡಬದಿಯ ಹುಡುಗಿ ಎದ್ದಿರುತ್ತಿದ್ದಳು. ಓಡುವವರು ಕೊನೆಗೆ ಕಂಬದ ಹತ್ತಿರ ಒಬ್ಬರ ಕಾಲಿಗೆ ಒಬ್ಬರು ಸಿಕ್ಕು ನಿಂತುಬಿಡುತ್ತಿದ್ದರು, ಆಗ ಯಾರು ಬೇಕಾದರೂ ಹೋಗಿ ಮುಟ್ಟಬಹುದಿತ್ತು. ಯಾರು ಬೇಕಾದರೂ ಮುಟ್ಟುತ್ತಲೂ ಇದ್ದರು. ನನ್ನ ಹಾಳೆಯಲ್ಲಿ ಔಟುಗಳೆಲ್ಲ ಅವರವು.

ಅವತ್ತು ನನಗೆ ತಿಳಿಯಿತು. ಹಾಗಾಗಿ ತಿಳಿಯದೆ ಮಾಡಿದೆ ಎಂದು ಈ ವಯಸ್ಸಿನಲ್ಲಿ ಹೇಳಿಕೊಳ್ಳುವ ಸುಖ ನನಗಿಲ್ಲ.

ತಿಳಿದಮೇಲೂ ಹಾಳೆಯನ್ನು ತಿದ್ದಬಹುದಿತ್ತು. ತಿದ್ದುತ್ತಿದ್ದೆನೋ ಏನೋ, ಆದರೆ ಟ್ರಯಲ್ ಮುಗಿದ ಶನಿವಾರ ಕುಪವಾಡದ ಸರ್ ಮೋಠ್ಯಾ ಬಾಯಿಯ ಕೋಣೆಗೆ ಬಂದರು. ಹನ್ನೊಂದು ಹೆಸರಿಗೆ ನಮ್ಮಿಬ್ಬರ ಜಗಳವಿರಲಿಲ್ಲ. ಹನ್ನೆರಡನೆಯದಕ್ಕೆ ಇಬ್ಬರಿದ್ದರು. ಒಬ್ಬಳು ಕುಪವಾಡದವಳೇ, ಫೌಂಡ್ರಿ ಕೆಲಸಗಾರನ ಮಗಳು, ಉದ್ದ ಕಾಲಿನವಳು, ಜಿಂಕೆಯ ಓಟ, ಸಾಲು ತುಂಬ ಔಟ್. ಇನ್ನೊಬ್ಬಳು ಇವಳು. ಸರ್ ತಮ್ಮ ಶಾಲೆಯವಳನ್ನು ಬಿಟ್ಟು ಇವಳಿಗಾಗಿ ಮಾತಾಡಿದರು.

"ಬಾಯಿ, ನಿಮ್ಮ ಕಾಗದ ಭಾಳ ಚೊಲೊ ಐತ್ರಿ," ಎಂದರು ನನಗೆ. "ಖರೇ ಹೇಳತೇನಿ, ನಮ್ಮ ತಾಲೂಕಿನ್ಯಾಗ ಹಿಂತಾ ನೆಟ್ಟನ ಗೆರಿ ಯಾರೂ ಹೊಡದಿಲ್ಲ. ಖರೆ ಆ ಹುಡಿಗಿ ಅದರಾಗ ಕಾಣಸೂದಿಲ್ರಿ. ಉಳಿದ ಹನ್ನೊಂದೂ ಮಂದಿ ಔಟ್ ಮಾಡೂದು ಅಕಿ ಕೊಟ್ಟ ಖೊ ಮ್ಯಾಲೆ."

"ಹಂಗಾದರ ಅದಕ್ಕೂ ಒಂದು ಪ್ರೂಫ್ ಬೇಕಲ್ರಿ, ಸರ್," ಎಂದೆ. "ಬರೇ ಅನ್ನಿಸ್ತದ ಅಂದರ ಆಗೂದಿಲ್ಲ."

ಅವರು ಮೋಠ್ಯಾ ಬಾಯಿಯ ಕಡೆ ತಿರುಗಿ ನಕ್ಕರು. ಕೆಟ್ಟ ನಗುವಲ್ಲ. "ಬಾಯೀರು ಒಂದ ದಿನ ಚೌಕಿನ್ಯಾಗ ಕುಂತಿದ್ರ ಪ್ರೂಫ್ ಕೇಳತಿದ್ದಿಲ್ರಿ. ಆಡದ ಮಂದಿಗಿ ಕಾಗದ ಬೇಕಾಗತೈತಿ."

ಮೋಠ್ಯಾ ಬಾಯಿಯೂ ತುಟಿಯಂಚಿನಲ್ಲಿ ನಕ್ಕರು. ನಾನು ನೋಡಿದೆ. ನನ್ನ ಅಷ್ಟು ವರ್ಷದ ಕೆಲಸ ಆ ತುಟಿಯಂಚಿನಲ್ಲಿ ಹೋಯಿತು ಅನ್ನಿಸಿತು. ಸಿಟ್ಟು ಬಂದಾಗ ದನಿ ತಗ್ಗಿಸುವುದನ್ನು ಸಿಸ್ಟರ್‌ಗಳು ಚೆನ್ನಾಗಿ ಕಲಿಸಿದ್ದರು. ಇನ್ನೂ ತುಂಬದ ಒಂದು ಕಾಲಮ್ ಉಳಿದಿದೆ, ಅದನ್ನು ತುಂಬಿ ಸೋಮವಾರ ಕೊಡುತ್ತೇನೆ ಎಂದೆ.

ಭಾನುವಾರ ಮನೆಯಲ್ಲಿ ಕೂತು ಟೀಮ್ ಸ್ಪಿರಿಟ್ ತುಂಬಿದೆ. ಮಿಕ್ಕ ಕಾಲಮ್ಮುಗಳನ್ನು ಕೂಡಿಸಿ ನೋಡಿದರೆ ಓಡುವಾಗ ಉಳಿದ ಹೊತ್ತಿನಿಂದಲೂ, ಒಂದೂ ಫೌಲ್ ಇಲ್ಲದ್ದರಿಂದಲೂ ಅವಳು ಅಷ್ಟು ಹಿಂದೆ ಇರಲಿಲ್ಲ. ಉದ್ದ ಕಾಲಿನವಳಿಗೆ ಮೂರು ಕೊಟ್ಟಿದ್ದೆ. ಇವಳಿಗೆ ಐದು ಕೊಟ್ಟರೆ ಇವಳು ಒಳಗೆ, ನಾಲ್ಕು ಕೊಟ್ಟರೆ ಇಬ್ಬರೂ ಸಮ. ತನಗೆ ಸಿಗುವ ಔಟನ್ನು ಇನ್ನೊಬ್ಬಳ ಕೈಯಲ್ಲಿ ಇಟ್ಟು ಕೂತುಬಿಡುವ ಹುಡುಗಿಗೆ ಟೀಮ್ ಸ್ಪಿರಿಟ್ಟಿನಲ್ಲಿ ಎಷ್ಟು ಅಂಕ? ನಾನು ಎರಡು ಬರೆದೆ. ರಿಮಾರ್ಕ್ ಜಾಗದಲ್ಲಿ ದುಂಡಗೆ ಇಂಗ್ಲಿಷಿನಲ್ಲಿ ಬರೆದೆ, ಮುನ್ನುಗ್ಗುವ ಗುಣ ಕಡಿಮೆ ಎಂದು. ಆಮೇಲೆ ಎದ್ದು ಚಹಾ ಮಾಡಿಕೊಂಡು ಕುಡಿದೆ. ಚೆನ್ನಾಗಿಯೇ ಆಗಿತ್ತು.

ಸೋಮವಾರ ಪಟ್ಟಿ ಸಿದ್ಧವಾಗಿ ಮೋಠ್ಯಾ ಬಾಯಿಯ ಡ್ರಾಯರಿಗೆ ಹೋಯಿತು. ಸಂಸ್ಥೆಯ ಮುದ್ರೆ ಬಿದ್ದು ಶನಿವಾರ ಬೋರ್ಡಿಗೆ ಹಚ್ಚುವುದು ಎಂದಾಯಿತು. ಸೋಮವಾರದಿಂದ ಶನಿವಾರದವರೆಗೆ ಐದು ದಿನ. ನಾನು ಹೇಳಲು ಕೂತದ್ದು ಆ ಐದು ದಿನಗಳನ್ನು. ಅಂಕ ಕಡಿಮೆ ಕೊಟ್ಟದ್ದನ್ನು ಸಿಟ್ಟು ಎಂದು ಯಾರಾದರೂ ಕ್ಷಮಿಸಬಹುದು. ಇದನ್ನು ಕ್ಷಮಿಸುವವರು ನನಗೆ ಇನ್ನೂ ಸಿಕ್ಕಿಲ್ಲ, ಯಾಕೆಂದರೆ ಯಾರಿಗೂ ಹೇಳಿಲ್ಲ.

ಇವಳಿಲ್ಲದೆ ಟೀಮು ಗೆಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಸೋತರೆ ಹಾಳೆ ಸೋತ ಹಾಗೆ. ಆದ್ದರಿಂದ ಮಂಗಳವಾರ ಬೆಳಿಗ್ಗೆ ಅವಳನ್ನು ಕರೆದೆ. ಉದ್ದ ಕಾಲಿನವಳೂ ಪಕ್ಕದಲ್ಲಿದ್ದಳು.

"ಆ ದಾರಿ ಮುಚ್ಚೂದು ಅಂತಿಯಲ್ಲ, ಅದನ್ನ ಇಕಿಗೆ ಕಲಸು. ಪೂರ್ತಿ ಕಲಸು. ಶುಕ್ರವಾರದೊಳಗ."

ಅವಳ ಮುಖ ಅರಳಿತು. ಅವಳು ಏನು ಅರ್ಥ ಮಾಡಿಕೊಂಡಳು ಎಂಬುದು ನನಗೆ ಆಗಲೇ ಹೊಳೆಯಿತು. ಅವರ ಹಟ್ಟಿಯಲ್ಲಿ ಹೊಸ ನಾಯಿಗೆ ಕಾವಲು ಕಲಿಸು ಎಂದು ಯಾರಿಗೆ ಹೇಳುತ್ತಾರೋ ಹಟ್ಟಿ ಅವರ ಕೈಯಲ್ಲಿ ಇರುತ್ತದೆ. ನಾಳೆ ಹೊರಗೆ ಹಾಕುವವರಿಂದ ಇವತ್ತು ಕಲಿಸಿಕೊಳ್ಳುವ ಪದ್ಧತಿ ಕುರಿ ಕಾಯುವವರಲ್ಲಿ ಇಲ್ಲ. ಅದು ಆಫೀಸುಗಳಲ್ಲಿ ಇದೆ. ರೀಆರ್ಗನೈಸೇಶನ್ನಿನ ಆ ವರ್ಷ ನಮ್ಮ ಕ್ಲರ್ಕುಗಳಿಗೆಲ್ಲ ಅದು ಗೊತ್ತಾಗಿತ್ತು, ಯಾರೂ ಯಾರಿಗೂ ಏನೂ ಕಲಿಸುತ್ತಿರಲಿಲ್ಲ. ಹದಿನೈದರ ಹುಡುಗಿಗೆ ಗೊತ್ತಿರಲಿಲ್ಲ.

ಅವಳು ಕಲಿಸಿದ್ದನ್ನು ನೋಡಬೇಕಿತ್ತು. ನಾನು ಅಷ್ಟು ವರ್ಷ ಕಲಿಸಿದ್ದರಲ್ಲಿ ಒಂದು ದಿನವೂ ಹಾಗೆ ಕಲಿಸಿಲ್ಲ. ನೆಲದ ಮೇಲೆ ಕಟ್ಟಿಗೆಯಿಂದ ಗೆರೆ ಎಳೆದು ಹುಣಸೆಬೀಜ ಇಟ್ಟಳು. ಬೀಜ ಸರಿಸುತ್ತ, ಈಗ ಇದು ಎತ್ತ ಹೋದೀತು ಹೇಳು ಎಂದು ಕೇಳುತ್ತಿದ್ದಳು. ಆಮೇಲೆ ಉದ್ದ ಕಾಲಿನವಳ ಹೆಗಲು ಎರಡೂ ಕೈಯಲ್ಲಿ ಹಿಡಿದು ಅಂಕಣದಲ್ಲಿ ನಡೆಸಿದಳು.

"ಕಾಲ ನೋಡಬ್ಯಾಡ. ಭುಜಾ ನೋಡು. ಕಾಲ ಸುಳ್ಳ ಹೇಳತಾವು, ಭುಜಾ ಹೇಳೂದಿಲ್ಲ."

"ನಾ ಏನ ಕುರಿ ಏನ, ಹಿಂಗ ಹಿಡದ ನಡಸಾಕ?" ಎಂದಳು ಉದ್ದ ಕಾಲಿನವಳು.

"ಕುರಿ ಅವರು. ನೀ ನಾಯಿ."

"ನೀ?"

"ನಾ ನಾಯೀನ ಸಾಕಿದಾಕಿ. ನಡಿ ಮುಂದ."

ಬೇಲಿಯಾಚೆ ನಿಂತ ಅಡಿಗೆಯವಳೂ ನಕ್ಕಳು. ಬುಧವಾರ ಉದ್ದ ಕಾಲಿನವಳಿಗೆ ಮೊದಲ ಸಲ ಅದು ಕೈಗೆ ಹತ್ತಿತು. ಮುಟ್ಟಬಹುದಾದವಳನ್ನು ಬಿಟ್ಟು ಖೊ ಕೊಟ್ಟಳು, ಕಂಬದ ಹತ್ತಿರ ಇಬ್ಬರು ಸಿಕ್ಕಿಬಿದ್ದರು. ಆರಗದ ಹುಡುಗಿ ನನ್ನ ಕಡೆ ನೋಡಿದಳು, ತನ್ನ ಹೊಲದಲ್ಲಿ ಮೊಳಕೆ ಎದ್ದದ್ದನ್ನು ತೋರಿಸುವವರ ಹಾಗೆ. ನಾನು ತಲೆಯಾಡಿಸಿ "ಗುಡ್" ಎಂದೆ.

ಗುರುವಾರ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಗೇಟ್ ಪಾಸ್ ಬೇಕಿತ್ತು.

"ಯಾಕ?"

"ಸ್ಟ್ಯಾಂಡಿಗೆ ಹೋಗಿ ಬರತೇನ್ರಿ. ಆರಗದ ಬಸ್ಸಿನ ಕಂಡಕ್ಟರ್ ಕಾಕಾನ ಕಡಿಂದ ಅಪ್ಪಗ ನಿರೋಪ ಕಳಸಬೇಕ್ರಿ. ಕುರಿ ಹೊಂಟ ನಿಂತಾವು, ನನ್ನ ಸಲುವಾಗಿ ತಡದಾರ್ರಿ. ಹಾಸಿಗಿ ಆತು, ನೀವು ನಡೀರಿ ಅಂತ ಹೇಳತೇನಿ."

ನಾನು ಪೆನ್ನು ಕೈಯಲ್ಲಿ ಹಿಡಿದಿದ್ದೆ.

"ಪಟ್ಟಿ ಶನಿವಾರ ಹಚ್ಚತಾರ," ಎಂದೆ.

"ಹೌದ್ರಿ. ಖರೆ ಮೇವು ಮುಗದೈತ್ರಿ ಅಲ್ಲಿ. ನೀವ ಕಲಸಾಕ ಹಚ್ಚೀರಿ ಅಂದಮ್ಯಾಲೆ..." ಎಂದು ನಿಲ್ಲಿಸಿ, ಸ್ವಲ್ಪ ನಾಚಿ ಕೇಳಿದಳು, "ಬಾಯಿ, ಕಿಡಕಿ ಕಡಿ ಹಾಸಿಗಿ ಸಿಕ್ಕೀತೇನ್ರಿ? ಅಪ್ಪ ಹೊಸಾ ಕಂಬಳಿ ಕೊಟ್ಟಾನ. ಅದಕ್ಕ ಬಿಸಲ ಬೇಕಾಗತೈತ್ರಿ, ಇಲ್ಲಂದ್ರ ವಾಸನಿ ಬರತೈತಿ, ಹುಡಿಗ್ಯಾರು ಅಂತಾರು."

"ನೋಡೂಣು," ಎಂದೆ.

ಪಾಸಿನ ಮೇಲೆ ಸಹಿ ಮಾಡಿದೆ. ಅಲ್ಲಿ ಒಂದು ಮಾತು ಸಾಕಿತ್ತು. ಶನಿವಾರದ ತನಕ ತಡಿ ಎಂದರೆ ಮುಗಿಯುತ್ತಿತ್ತು, ಪಟ್ಟಿಯ ಗುಟ್ಟೂ ಒಡೆಯುತ್ತಿರಲಿಲ್ಲ. ಆದರೆ ಅವಳಿಗೆ ಸಂಶಯ ಬಂದರೆ ಶುಕ್ರವಾರದ ಪಾಠ ಕೆಡುತ್ತಿತ್ತು. ಉದ್ದ ಕಾಲಿನವಳಿಗೆ ಬಲಬದಿ ಇನ್ನೂ ಸರಿಯಾಗಿ ಬಂದಿರಲಿಲ್ಲ. ಈ ಲೆಕ್ಕ ನಾನು ಆ ಕ್ಷಣದಲ್ಲಿ, ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಮಾಡಿದೆ. ಹುಡುಗಿ ಓಡುತ್ತ ಹೋದಳು.

ಶುಕ್ರವಾರ ಬಲಬದಿಯೂ ಬಂತು.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಪಟ್ಟಿ ಹಚ್ಚಿದರು. ನಾನು ಅಂಕಣದಲ್ಲೇ ಇದ್ದೆ, ಬೋರ್ಡಿನ ಹತ್ತಿರ ಹೋಗಲಿಲ್ಲ. ಹುಡುಗಿಯರು ಗದ್ದಲ ಮಾಡುತ್ತ ಬಂದರು, ಅವಳೂ ಅವರ ಜೊತೆಗೇ ಬಂದಳು. ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ನಾನು ಸೀಟಿ ಊದಿ, ಪಟ್ಟಿಯಲ್ಲಿದ್ದವರು ಚೌಕಕ್ಕೆ ಎಂದೆ. ಅವಳು ಹೋಗಿ ತನ್ನ ಎಂದಿನ ಜಾಗದಲ್ಲಿ, ಮೂರನೆಯ ಚೌಕದಲ್ಲಿ, ಕುಕ್ಕರಗಾಲಿನಲ್ಲಿ ಕೂತಳು.

"ಅದು ನಿನ್ನ ಜಾಗ ಅಲ್ಲ," ಎಂದೆ. ಮರಾಠಿಯಲ್ಲಿ ಅಂದೆ. ಅವಳೊಂದಿಗೆ ನಾನು ಮರಾಠಿ ಆಡಿದ್ದು ಅದೇ ಮೊದಲು.

ಅವಳು ನೆಲ ನೋಡುತ್ತ ಕೂತಿದ್ದಳು. ಎಳೆದು ಎಬ್ಬಿಸಬಹುದಿತ್ತು. ಆದರೆ ವರಾಂಡದಲ್ಲಿ ಮೋಠ್ಯಾ ಬಾಯಿ ನಿಂತಿದ್ದರು, ಸಂಸ್ಥೆಯವರು ಇಬ್ಬರು ಬಂದಿದ್ದರು, ಗಲಾಟೆ ಬೇಡವೆನಿಸಿತು. ಅವಳ ಪಕ್ಕದಲ್ಲೇ ಇನ್ನೊಬ್ಬಳನ್ನು ಕೂರಿಸಿ, ಅವಳನ್ನು ಬಿಟ್ಟು ಆಡಿ ಎಂದು ಸೀಟಿ ಊದಿದೆ. ಆಡಿದರು. ಖೊ ಬಿದ್ದ ಹೊರತು ಕೂತವಳು ಏಳುವಂತಿಲ್ಲ. ಒಂಬತ್ತು ನಿಮಿಷದ ಪೂರ್ತಿ ಒಂದು ಪಾಳಿ ಹುಡುಗಿಯರು ಅವಳ ಹಿಂದೆ ಮುಂದೆ ಧೂಳೆಬ್ಬಿಸಿ ಓಡಿದರು, ಎರಡೂ ಪಕ್ಕದ ಬೆನ್ನುಗಳ ಮೇಲೆ ಕೈ ಬಿದ್ದವು, ಅವಳ ಬೆನ್ನ ಮೇಲೆ ಬೀಳಲಿಲ್ಲ. ಒಮ್ಮೆ ಉದ್ದ ಕಾಲಿನವಳು ಓಡುತ್ತ ಬಂದು ಅವಳ ಹಿಂದೆ ನಿಂತು ಕೈ ಎತ್ತಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಫೌಲಿನ ಸೀಟಿ ಊದಿದೆ. ಕೈ ಕೆಳಗಿಳಿಯಿತು.

ಪಾಳಿ ಮುಗಿದ ಮೇಲೆ ಅವಳು ತಾನೇ ಎದ್ದಳು. ಕಾಲು ಜೋಮು ಹಿಡಿದಿತ್ತು, ಮೊದಲೆರಡು ಹೆಜ್ಜೆ ಕುಂಟಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಏನು ಮಾಡಬೇಕೆಂದು ಗೊತ್ತಾಗುತ್ತಿತ್ತು. ಅಳುವ ಹುಡುಗಿಯರಿಗೆ ಹೇಳುವ ಇಂಗ್ಲಿಷ್ ವಾಕ್ಯಗಳು ನನ್ನ ಬಳಿ ಬೇಕಾದಷ್ಟಿದ್ದವು.

ಆರಗದ ಮನೆಗೆ ಕೀಲಿ ಬಿದ್ದಿತ್ತು. ಹಟ್ಟಿ ಎಲ್ಲಿದೆ ಎಂದು ತಿಳಿಯಲು ಕಂಡಕ್ಟರನಿಗೆ ಮೂರು ದಿನ ಬೇಕಾಯಿತು. ಬೋರ್ಡಿಂಗ್ ಕೋಣೆ ಖಾಲಿ ಮಾಡಿಸಿ ಸುಣ್ಣ ಬಳಿಸುವ ಗಡಿಬಿಡಿಯಲ್ಲಿ, ಆ ಮೂರು ರಾತ್ರಿ ಅವಳು ಅಡಿಗೆಯವಳ ಹತ್ತಿರ ಮಲಗಿದಳು. ನಾಲ್ಕನೆಯ ದಿನ ಅಪ್ಪ ಬಂದ. ತಲೆಗೆ ಪಟಗ ಸುತ್ತಿದ, ನನಗಿಂತ ಚಿಕ್ಕ ವಯಸ್ಸಿನ ಮನುಷ್ಯ. ವರಾಂಡದ ಮೆಟ್ಟಿಲ ಕೆಳಗೇ ನಿಂತ. "ಮ್ಯಾಲೆ ಬರ್ರಿ, ಕುಂದ್ರಿ" ಎಂದೆ. ಕೂರಲಿಲ್ಲ.

"ಹುಡಿಗಿ ಏನರೆ ತಪ್ಪು ಮಾಡ್ಯಾಳೇನ್ರಿ?"

"ಇಲ್ಲ. ತಪ್ಪೇನಿಲ್ಲ."

"ಆಟ ಬರೂದಿಲ್ಲೇನ್ರಿ ಅಕಿಗಿ?"

"ಬರ್ತದ."

"ಮತ್ತ?"

ನಾನು ಹಾಳೆ ತೋರಿಸಿದೆ. ಅವನಿಗೆ ಓದು ಬರುವುದಿಲ್ಲ ಎಂದು ಗೊತ್ತಿದ್ದೂ ತೋರಿಸಿದೆ. ಬೆರಳಿಟ್ಟು ಅವಳ ಸಾಲನ್ನು ತೋರಿಸುತ್ತ, ಇವು ಅಂಕ, ಇವು ಕಡಿಮೆ ಬಿದ್ದಿವೆ ಎಂದು ವಿವರಿಸಿದೆ. ಅವನು ಬಹಳ ಹೊತ್ತು ಹಾಳೆಯನ್ನು ನೋಡಿದ.

"ಈ ಅಂಕ ಯಾರ ಹಾಕ್ಯಾರ್ರಿ?"

"ನಾನು."

"ನೀವು ಅಕಿ ಆಟ ನೋಡೀರಿ?"

"ದಿನಾ ನೋಡೀನಿ."

"ಹಂಗಾದ್ರ ನಿಮಗ ಗೊತ್ತಿರತೈತ್ರಿ," ಎಂದ. ವ್ಯಂಗ್ಯವಿರಲಿಲ್ಲ. ನನ್ನನ್ನು ನಂಬಿ ಹೇಳಿದ. ಮಗಳ ಟ್ರಂಕು ತಲೆಯ ಮೇಲೆ ಇಟ್ಟುಕೊಂಡ, ಮಗಳು ಕಂಬಳಿಯ ಸುರುಳಿ ಹೆಗಲಿಗೆ ಹಾಕಿಕೊಂಡಳು. ಹೋಗುವಾಗ ಅವಳು ನನಗೆ ನಮಸ್ಕಾರ ಮಾಡಲಿಲ್ಲ. ಅಷ್ಟಾದರೂ ನನ್ನಿಂದ ಕಲಿತಳಲ್ಲ ಎಂದು ಈಗ ಅನ್ನಿಸುತ್ತದೆ.

ಆ ವರ್ಷ ನಮ್ಮ ಟೀಮು ಸೋತಿತು ಎಂದು ಬರೆಯಲು ಎಷ್ಟೋ ಸಲ ಮನಸ್ಸಾಗಿದೆ. ಸೋಲಲಿಲ್ಲ. ಜಿಲ್ಲೆಯ ಕಪ್ ತಂದೆವು. ಉದ್ದ ಕಾಲಿನವಳು ಎದುರಾಳಿಗಳನ್ನು ಕಂಬದ ಹತ್ತಿರ ದಬ್ಬಿ ದಬ್ಬಿ ಖೊ ಕೊಟ್ಟಳು, ಉಳಿದವರು ಮುಟ್ಟಿದರು. ಅವಳಿಗೆ ಅಲಾಟ್ ಆದ ಕಿಟಕಿ ಕಡೆಯ ಹಾಸಿಗೆಯಲ್ಲಿ ಅವಳು ತಿಂಗಳಿಗೆ ನಾಲ್ಕು ದಿನ ಮಲಗಿದ್ದರೆ ಹೆಚ್ಚು, ಕುಪವಾಡದಲ್ಲಿ ಮನೆಯಿತ್ತಲ್ಲ. ಮೋಠ್ಯಾ ಬಾಯಿ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ನನ್ನ ಹಾಳೆಯನ್ನು ಎತ್ತಿ ತೋರಿಸಿ, ಇದು ಸೈಂಟಿಫಿಕ್ ಎಂದರು. ಆಟದ ಮುಖ್ಯ ಹುದ್ದೆ ನನಗೇ ಬಂತು. ಕುಪವಾಡದ ಸರ್‌ ಅವರನ್ನು ಸಾಮಾನಿನ ಕೋಣೆಗೆ ಹಾಕಿದರು. ಚೆಂಡು, ಹಗ್ಗ, ನೆಟ್ಟು ಎಣಿಸಿ ಕೊಡುವ ಕೆಲಸ. ನಾನು ಹಗ್ಗ ಕೇಳಲು ಹೋದಾಗಲೆಲ್ಲ ಅವರು ಎದ್ದು ನಿಂತು, "ಎಷ್ಟ ಬೇಕ್ರಿ ಬಾಯಿ?" ಎಂದು ಮಾತ್ರ ಕೇಳುತ್ತಿದ್ದರು.

ಮುಂದಿನ ವರ್ಷ ಹತ್ತನೆಯ ಪರೀಕ್ಷೆಯ ಫಾರ್ಮುಗಳನ್ನು ನಾನೇ ಕ್ಲಾಸಿನಲ್ಲಿ ಹಂಚಿದೆ. ಅವಳ ಹೆಸರು ಹಾಜರಿಪಟ್ಟಿಯಲ್ಲಿ ಕೆಂಪು ಗೆರೆಯ ಕೆಳಗೆ ಇನ್ನೂ ಓದುವ ಹಾಗೇ ಇತ್ತು. ಅದನ್ನು ದಾಟಿ ಮುಂದಿನ ಹೆಸರು ಕರೆದೆ.

ಆ ಮಳೆಗಾಲ ಸಂಸ್ಥೆ ತನ್ನ ಎಲ್ಲ ಶಾಲೆಗಳಿಗೂ ನನ್ನ ಹಾಳೆಯನ್ನೇ ಅಚ್ಚು ಹಾಕಿಸುವುದೆಂದು ಮಾಡಿತು. ಪ್ರೆಸ್ಸಿನವರು ಪ್ರೂಫ್ ಕಳಿಸಿದರು, ತಿದ್ದಿ ಕೊಡಿ ಎಂದು. ಬಲಗಡೆ ಸಾಕಷ್ಟು ಬಿಳಿ ಜಾಗವಿತ್ತು. ಅಲ್ಲಿ ಇನ್ನೊಂದು ಗೆರೆ ಎಳೆದು, "ಕೊಟ್ಟ ಖೊ" ಎಂದು ಒಂದು ಕಾಲಮ್ ಸೇರಿಸಬಹುದಿತ್ತು. ಸೇರಿಸಿದ್ದರೆ ಯಾಕೆ ಸೇರಿಸಿದಿರಿ ಎಂದು ಯಾರಾದರೂ ಕೇಳುತ್ತಿದ್ದರು, ಮತ್ತೆ ಹೋದ ವರ್ಷದ ಹಾಳೆ ತೆಗೆಯುತ್ತಿದ್ದರು. ಸ್ಕೇಲು ಇಟ್ಟು ಅಳತೆ ಕೂಡ ಮಾಡಿದ್ದೆ, ಹಿಡಿಸುತ್ತಿತ್ತು. ಕೆಳಗೆ ನನ್ನ ಹುದ್ದೆ ಅಚ್ಚಾದಲ್ಲಿ "ಕ್ರೀಡಾ ಶಿಕ್ಷಕಿ" ಎಂದಷ್ಟೇ ಇತ್ತು. ಅದಕ್ಕೆ ಮೊದಲು "ಮುಖ್ಯ" ಎಂದು ಸೇರಿಸಿ, ಸಹಿ ಮಾಡಿ ಕಳಿಸಿದೆ.